ಹಿರಿಯರು ಮೊದಲು ತೀರ್ಪು ಹೇಳಿದ ಬೇಸಿಗೆ

2019ರ ಕೊನೆಯಲ್ಲಿ ಗೆಳೆಯ ಸದಾನಂದ ಲಾಸ್ ಏಂಜಲೀಸ್ ಬಳಿಯ ಚಾಟ್ಸ್‌ವರ್ತ್‌ನಲ್ಲಿದ್ದ ತಮ್ಮ ವರ್ಕ್‌ಶಾಪ್ ಮಾರಿದರು. ಕೊಂಡವರಿಗೆ ಬಿಟ್ಟುಕೊಡುವ ಮೊದಲು ಒಮ್ಮೆ ಬಂದು ಹೋಗಿ ಎಂದು ಫೋನ್ ಮಾಡಿದ್ದರಿಂದ ಹೋಗಿದ್ದೆ. ಯಂತ್ರಗಳನ್ನೆಲ್ಲ ಆಗಲೇ ಸಾಗಿಸಿದ್ದರು. ಅವು ನಿಂತಿದ್ದ ಕಡೆ ಸಿಮೆಂಟಿನ ನೆಲ ಕಪ್ಪಾಗಿತ್ತು. ಲೋಹ ಕೊರೆಯುವಾಗ ಬಿಸಿ ಇಳಿಸಲು ಸುರಿಯುವ ಎಣ್ಣೆಯ ವಾಸನೆ ಮಾತ್ರ ಖಾಲಿ ಶೆಡ್ಡಿನಲ್ಲಿ ಹಾಗೆಯೇ ಉಳಿದಿತ್ತು. ಅದು ಮೂಗಿಗೆ ಬಡಿದ ಕೂಡಲೇ ನನಗೆ 2014ರ ಸೆಪ್ಟೆಂಬರಿನ ಒಂದು ಭಾನುವಾರ ನೆನಪಾಯಿತು. ಶೆಡ್ಡಿನ ಮೂಲೆಯ ಆಫೀಸ್ ಕೋಣೆಯಲ್ಲಿ, ಸದ್ದು ಮಾಡುತ್ತಿದ್ದ ಎ.ಸಿ.ಯ ಕೆಳಗೆ ನಾವು ಕೂತಿದ್ದೆವು. ಟಿ.ವಿ. ಪರದೆ ಒಂದು ದೃಶ್ಯದಲ್ಲಿ ನಿಂತುಬಿಟ್ಟಿತ್ತು.

ಆ ವರ್ಷದ ಸಂಗತಿಯ ಸಾರವನ್ನು ಮೊದಲೇ ಹೇಳುವುದು ಒಳ್ಳೆಯದು. ನಾವೊಂದಿಷ್ಟು ಕನ್ನಡಿಗರು ಆ ಬೇಸಿಗೆಯಿಡೀ ಬೇಸ್‌ಬಾಲ್ ಅಂಪೈರ್‌ಗಳ ತೀರ್ಪಿನ ಮೇಲೆ ವಾದ ಮಾಡಿದೆವು. ಅದರ ಕೆಳಗೆ ಇನ್ನೊಂದು ಪ್ರಶ್ನೆ ಇತ್ತು. ಎಪ್ಪತ್ತರ ಹತ್ತಿರ ಬಂದಿದ್ದ ಕುಲಕರ್ಣಿ ಅಂಕಲ್ ತಮ್ಮ ಮೊಮ್ಮಗಳನ್ನು ದಿನವೂ ಕಾರಿನಲ್ಲಿ ಶಾಲೆಗೆ ಕರೆದೊಯ್ಯುವುದು ಸುರಕ್ಷಿತವೇ ಎಂಬ ಪ್ರಶ್ನೆ. ಅದನ್ನು ಕೇಳಬೇಕೆಂದು ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ನಾನು ಮಂಗಳೂರಿನ ಪತ್ರಿಕೆಯೊಂದರಲ್ಲಿ ವರದಿಗಾರನಾಗಿದ್ದವನು. ಹೆಂಡತಿಗೆ ಟೊರ್ರಿ ಪೈನ್ಸ್‌ನ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕಿದ್ದರಿಂದ ಹಿಂದಿನ ವರ್ಷ ಸ್ಯಾನ್ ಡಿಯೇಗೊಗೆ ಬಂದಿದ್ದೆವು. ನನ್ನದು ದುಡಿಯಲು ಅನುಮತಿ ಇಲ್ಲದ ವೀಸಾ. ಬೆಳಿಗ್ಗೆ ಅವಳನ್ನು ಡ್ರಾಪ್ ಮಾಡುವುದು, ಲೈಬ್ರರಿಗೆ ಹೋಗುವುದು, ಸಂಜೆ ಕರೆತರುವುದು, ಇಷ್ಟೇ ದಿನಚರಿ. ಕಾರ್ಮೆಲ್ ವ್ಯಾಲಿಯ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬೀದಿಯಲ್ಲಿ ನವೀನ್ ಎಂಬ ಬೆಂಗಳೂರಿನ ಎಂಜಿನಿಯರ್ ಇದ್ದ. ಭಾನುವಾರದ ಮ್ಯಾಚ್ ನೋಡಲು ಅವನ ಮನೆಯಲ್ಲಿ ನಾಲ್ಕಾರು ಜನ ಸೇರುತ್ತಿದ್ದರು. ನನಗೆ ಬೇಸ್‌ಬಾಲ್ ಗೊತ್ತಿರಲಿಲ್ಲ. ಕನ್ನಡ ಮಾತು ಕೇಳಿಸುತ್ತದೆಂದು ಹೋಗುತ್ತಿದ್ದೆ.

ಆಟದ ಬಗ್ಗೆ ಓದುಗರಿಗೆ ಇಷ್ಟು ಗೊತ್ತಿದ್ದರೆ ಸಾಕು. ಬ್ಯಾಟು ಹಿಡಿದವನ ಪಕ್ಕ ನೆಲದಲ್ಲಿ ಒಂದು ಬಿಳಿ ಹಲಗೆ ಇರುತ್ತದೆ. ಎಸೆದ ಚೆಂಡು ಆ ಹಲಗೆಯ ಮೇಲೆ, ಅವನ ಮಂಡಿಗೂ ಎದೆಗೂ ನಡುವೆ ಹಾದುಹೋದರೆ ಸ್ಟ್ರೈಕ್. ಅದರಿಂದ ಹೊರಗೆ ಹೋದರೆ ಬಾಲ್. ಮೂರು ಸ್ಟ್ರೈಕಿಗೆ ಔಟ್. ಸ್ಟ್ರೈಕೋ ಬಾಲೋ ಎಂದು ಹೇಳುವವನು ಹಿಂದೆ ಬಗ್ಗಿ ನಿಂತ ಅಂಪೈರ್. ಆ ವರ್ಷ ವಿಡಿಯೊ ನೋಡಿ ತೀರ್ಪು ತಿದ್ದುವ ವ್ಯವಸ್ಥೆ ದೊಡ್ಡದಾಗಿ ಬಂದಿತ್ತು, ಆದರೆ ಸ್ಟ್ರೈಕ್-ಬಾಲ್ ವಿಷಯಕ್ಕೆ ಅದು ಅನ್ವಯವಾಗುತ್ತಿರಲಿಲ್ಲ. ಅಲ್ಲಿ ಅಂಪೈರನ ಕಣ್ಣೇ ಕೊನೆಯ ಮಾತು. ಟಿ.ವಿ.ಯವರು ಮಾತ್ರ ಸಂಶಯದ ಎಸೆತವನ್ನು ಮತ್ತೆ ತೋರಿಸುವಾಗ ಹಲಗೆಯ ಮೇಲೆ ಒಂದು ಚೌಕ ಮೂಡಿಸುತ್ತಿದ್ದರು. ಚೆಂಡು ಒಳಗೋ ಹೊರಗೋ ಎಂದು ಮನೆಯಲ್ಲಿ ಕೂತವರಿಗೆಲ್ಲ ಕಾಣುತ್ತಿತ್ತು. ಜಗಳಕ್ಕೆ ಅಷ್ಟು ಸಾಕಾಗಿತ್ತು.

ಕುಲಕರ್ಣಿ ಅಂಕಲ್ ಧಾರವಾಡದ ಶಾಲೆಯೊಂದರಲ್ಲಿ ಪಿ.ಟಿ. ಮಾಸ್ತರರಾಗಿದ್ದವರು. ರಜಾದಿನಗಳಲ್ಲಿ ಅಲ್ಲಿನ ಲೀಗ್ ಕ್ರಿಕೆಟ್‌ಗೆ ಅಂಪೈರ್. ಹೆಂಡತಿ ತೀರಿಕೊಂಡ ಮೇಲೆ ಮಗಳು ಮೇಧಾಳ ಮನೆಗೆ ಬಂದಿದ್ದರು. ಮೇಧಾ, ಅವಳ ಗಂಡ ಇಬ್ಬರೂ ಬೆಳಿಗ್ಗೆ ಏಳಕ್ಕೆಲ್ಲ ಕೆಲಸಕ್ಕೆ ಹೊರಡುವವರು. ಮೊಮ್ಮಗಳು ಇಶಾಗೆ ಆಗ ಹತ್ತು ವರ್ಷ. ಅವಳ ಶಾಲೆ, ಸಾಫ್ಟ್‌ಬಾಲ್ ಪ್ರಾಕ್ಟೀಸ್, ಈಜು, ಭಾನುವಾರದ ಕನ್ನಡ ಕ್ಲಾಸ್ ಎಲ್ಲಕ್ಕೂ ಡ್ರೈವ್ ಮಾಡುವವರು ಅಂಕಲ್. ಇಲ್ಲಿಗೆ ಬಂದು ಡ್ರೈವಿಂಗ್ ಟೆಸ್ಟ್ ಕೊಟ್ಟು ಮೊದಲ ಸಲಕ್ಕೇ ಪಾಸಾದವರು ತಾವು ಎಂದು ಹೊಸಬರಿಗೆಲ್ಲ ಹೇಳುತ್ತಿದ್ದರು. ‘ಈ ದೇಶದಾಗ ನಡಕೊಂಡು ಹೋಗಾಂವ ಒಂದು ನಾಯಿ ಹಿಡಕೊಂಡಿರಬೇಕು, ಇಲ್ಲಾ ಹುಚ್ಚ ಇರಬೇಕು. ನನಗ ಎರಡೂ ಆಗಿಲ್ಲ’ ಎನ್ನುತ್ತಿದ್ದರು.

ನವೀನನ ಮನೆಯಲ್ಲಿ ಮ್ಯಾಚ್ ನೋಡುವ ರೀತಿಯನ್ನು ರೂಪಿಸಿದವರೂ ಅವರೇ. ಸಂಶಯದ ಎಸೆತ ಬಂದಾಗ, ಅಂಪೈರನ ಕೈ ಏಳುವ ಮುಂಚೆ ಟಿ.ವಿ. ನಿಲ್ಲಿಸಬೇಕು. ಕೋಣೆಯಲ್ಲಿದ್ದ ಪ್ರತಿಯೊಬ್ಬರೂ ತಮ್ಮ ತೀರ್ಪು ಹೇಳಬೇಕು. ಎಲ್ಲರಿಗಿಂತ ಸಣ್ಣವರು ಮೊದಲು, ದೊಡ್ಡವರು ಕೊನೆಗೆ. ಆಮೇಲೆ ಅಂಪೈರ್ ಹೇಳಿದ್ದು ನೋಡಬೇಕು, ಅದಾದ ಮೇಲೆ ಚೌಕ. ಹೇಳಿದ ತೀರ್ಪು ಬದಲಿಸುವಂತಿಲ್ಲ. ದೊಡ್ಡವರು ಕೊನೆಗೆ ಯಾಕೆ ಎಂದು ಕೇಳಿದ್ದಕ್ಕೆ, ‘ಹಿರಿಯ ಮನುಷ್ಯಾ ಮೊದಲ ಬಾಯಿ ಬಿಟ್ರ ಉಳಿದವರ ಕಣ್ಣು ಮುಚ್ಚತಾವ’ ಎಂದಿದ್ದರು. ಆಟ ಗೊತ್ತಿಲ್ಲದ ನನಗೆ ರಿಮೋಟ್ ಕೊಟ್ಟರು. ರಿಮೋಟ್ ಹಿಡಿದವನು ತೀರ್ಪು ಹೇಳುವ ಹಾಗಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಅವರ ತೀರ್ಪು ತಪ್ಪಿದ್ದು ನನಗೆ ನೆನಪಿಲ್ಲ. ಇಶಾ ಸೋಫಾದ ಕೈ ಮೇಲೆ ಕೂತು ‘ಬಾಲ್, ವೇ ಔಟ್‌ಸೈಡ್’ ಎನ್ನುವಳು. ನವೀನ್ ‘ಗುರೂ, ಅದು ಒಳಗಿತ್ತು’ ಎನ್ನುವನು. ಎಲ್ಲರದೂ ಮುಗಿದ ಮೇಲೆ ಅಂಕಲ್ ಒಂದೇ ಶಬ್ದ ಹೇಳುವರು. ಚೌಕ ಅವರ ಪರ ಬರುತ್ತಿತ್ತು. ಅವರು ಹಿಗ್ಗುತ್ತಿರಲಿಲ್ಲ, ಮುಂದಿನ ಎಸೆತಕ್ಕೆ ಕಾಯುತ್ತಿದ್ದರು.

ಆ ವರ್ಷ ಮೇ ತಿಂಗಳಲ್ಲೇ ಪೂರ್ವದ ಗುಡ್ಡಗಳಿಗೆ ಬೆಂಕಿ ಬಿದ್ದಿತ್ತು. ಮಳೆ ಇಲ್ಲದೆ ಬೀದಿಯುದ್ದಕ್ಕೂ ಹುಲ್ಲು ಒಣಗಿ ಕಂದಾಗಿತ್ತು. ಜೂನ್‌ನಲ್ಲಿ ಸಮುದ್ರದ ಕಡೆಯಿಂದ ಮೋಡ ಬಂದು ಬೆಳಗಿನ ಹೊತ್ತು ಮನೆಗಳ ಮೇಲೆ ಕೂರುತ್ತಿತ್ತು. ಮಂಗಳೂರಿನವನಾದ ನನಗೆ ಇಂದು ಮಳೆ ಬಂದೇ ಬರುತ್ತದೆ ಅನ್ನಿಸುವುದು. ಮಧ್ಯಾಹ್ನದೊಳಗೆ ಅದು ಕರಗಿ ಬಿಸಿಲಾಗುತ್ತಿತ್ತು. ಒಂದು ಹನಿಯೂ ಬೀಳಲಿಲ್ಲ. ಅಂಥ ಒಂದು ಬೆಳಿಗ್ಗೆ ಸ್ಯಾನ್ ಡಿಯೇಗೊ ತಂಡಕ್ಕೆ ಹೊಸ ಬ್ಯಾಟುಗಾರನೊಬ್ಬ ಬಂದ ಸುದ್ದಿ ಬಂತು. ಬಲಗೈ ಹುಡುಗ, ಮೊದಲ ವರ್ಷ. ಹೆಸರು ಇಲ್ಲಿ ಬೇಡ. ನವೀನ್ ಅವನನ್ನು ‘ಮರಿ’ ಎಂದು ಕರೆದ, ನಾವೂ ಹಾಗೇ ಕರೆದೆವು.

ಮರಿ ಬ್ಯಾಟ್ ಬೀಸಿದರೆ ಚೆಂಡಿನ ಸದ್ದೇ ಬೇರೆ ಇರುತ್ತಿತ್ತು. ಆದರೆ ಅವನಿಗೆ ಅಂಪೈರ್‌ಗಳಿಂದ ತೊಂದರೆ ಶುರುವಾಯಿತು. ಅವನಿಂದ ದೂರಕ್ಕೆ, ಹಲಗೆಯ ಹೊರಬದಿಗೆ ಚೆಂಡು ಹಾಕಲು ಎದುರಾಳಿಗಳು ಕಲಿತರು. ಟಿ.ವಿ.ಯಲ್ಲಿ ಅದು ಪರದೆಯ ಎಡಗಡೆ ಬೀಳುತ್ತಿತ್ತು. ಅವನು ಅದನ್ನು ಬಾಲ್ ಎಂದು ಬಿಡುವನು. ಅಂಪೈರ್ ಎಷ್ಟೋ ಸಲ ಸ್ಟ್ರೈಕ್ ಕೊಡುವನು.

‘ಸೀನಿಯಾರಿಟಿ ನೋಡ್ಕೊಂಡು ಕೊಡ್ತಾರೆ ಅಂಕಲ್. ಹತ್ತು ವರ್ಷ ಆಡಿದವನು ಬಿಟ್ರೆ ಬಾಲ್, ಮರಿ ಬಿಟ್ರೆ ಸ್ಟ್ರೈಕ್. ಇದೆಂಥ ನ್ಯಾಯ?’ ನವೀನ್ ಎದ್ದು ನಿಂತು ಹೇಳುತ್ತಿದ್ದ.

‘ಕೂಡ್ರಪಾ. ಅಂಪೈರ್ ಚೆಂಡು ನೋಡತಾನ. ಬರ್ಥ್ ಸರ್ಟಿಫಿಕೇಟ್ ನೋಡೂದಿಲ್ಲ.’

‘ನೋಡ್ತಾನೆ. ನೋಡಿ, ಚೌಕದಿಂದ ಅಷ್ಟು ಹೊರಗಿದೆ.’

‘ನೀ ಕೂತಲ್ಲೇ ನೋಡಿ ಹೇಳತೀ. ಅವಾ ಬಗ್ಗಿ ನಿಂತು, ಕಣ್ಣು ಮಿಟಕಿಸೋದ್ರೊಳಗ ಹೇಳಬೇಕು. ಆ ಮರೀನ್ನ ನೋಡು. ಒಂದು ಸಲನರೆ ತಿರುಗಿ ಅಂಪೈರ್ ಮುಖ ನೋಡ್ಯಾನೇನು? ನಿನಗ ಯಾಕ ಇಷ್ಟು ಸಿಟ್ಟು?’

ಲಾಸ್ ಏಂಜಲೀಸ್ ತಂಡದ ಪರ ಇದ್ದವರು ಸದಾನಂದ ಒಬ್ಬರೇ. ಉಡುಪಿ ಕಡೆಯವರು. ಚಾಟ್ಸ್‌ವರ್ತ್‌ನಲ್ಲಿ ಯಂತ್ರದ ಬಿಡಿಭಾಗ ಕೊರೆದುಕೊಡುವ ಸ್ವಂತ ಉದ್ಯಮ. ತಿಂಗಳಿಗೊಮ್ಮೆ ಸ್ಯಾನ್ ಡಿಯೇಗೊದ ಗಿರಾಕಿಗಳಿಗೆ ಮಾಲು ಕೊಡಲು ಬಂದಾಗ ನವೀನನ ಮನೆಗೂ ಬರುತ್ತಿದ್ದರು. ‘ನಿಮ್ಮ ಮರಿಗೆ ಅಂಪೈರ್ ಬೇಡ ಮಾರಾಯ್ರೆ, ಅಂಗನವಾಡಿ ಟೀಚರ್ ಸಾಕು’ ಎಂದು ನವೀನನನ್ನು ಕೆಣಕುವುದು ಅವರ ಕೆಲಸ.

ಜುಲೈನಲ್ಲಿ ಒಂದು ಭಾನುವಾರ ಅಂಕಲ್ ಮೂರು ಬಾರಿ ತಪ್ಪಿದರು. ಮೂರೂ ಮರಿಗೆ ಬಂದ ಎಸೆತಗಳೇ. ಮೂರಕ್ಕೂ ಅಂಕಲ್ ಸ್ಟ್ರೈಕ್ ಎಂದರು. ಉಳಿದವರೆಲ್ಲ ಬಾಲ್ ಎಂದಿದ್ದರು, ಅಂಪೈರ್ ಕೂಡ ಬಾಲ್ ಕೊಟ್ಟ, ಚೌಕದಲ್ಲೂ ಚೆಂಡು ದೂರ ಹೊರಗಿತ್ತು. ಮೂರನೆಯ ಸಲ ನವೀನನಿಗೆ ತಡೆಯಲಾಗಲಿಲ್ಲ.

‘ಅಂಕಲ್, ನಿಮಗೆ ಮರಿ ಕಂಡ್ರೆ ಆಗಲ್ವಾ? ಪಾಪ ಅಂಪೈರೇ ಇವತ್ತು ನೆಟ್ಟಗೆ ಹೇಳ್ತಿದ್ದಾನೆ. ನೀವು ಔಟ್ ಮಾಡೋಕೆ ನಿಂತಿದ್ದೀರ. ಹಠ ಬಿಡಿ ಸ್ವಲ್ಪ.’

ಅಂಕಲ್ ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎದ್ದು ಹಿತ್ತಲಿನ ಕುರ್ಚಿಯಲ್ಲಿ ಹೋಗಿ ಕೂತರು. ಮೇಧಾ ಚಹಾ ಒಯ್ದಳು. ಅವರು ಕುಡಿಯದೆ ಬಿಟ್ಟರು. ಮ್ಯಾಚ್ ಮುಗಿದ ಮೇಲೆ ಇಶಾಳನ್ನು ಕಾರಿಗೆ ಹತ್ತಿಸಿಕೊಂಡು ಎಲ್ಲರಿಗೂ ಕೈಮುಗಿದು ಹೊರಟರು. ನವೀನ್ ಬಹಳ ನೊಂದುಕೊಂಡ. ತನ್ನ ತಂದೆಗಿಂತ ಹಿರಿಯರಿಗೆ ಎಲ್ಲರೆದುರು ಹಾಗೆ ಅಂದೆನಲ್ಲ ಎಂದು ಮತ್ತೆ ಮತ್ತೆ ಹೇಳಿದ. ಮರುದಿನ ಅವರ ಮನೆಗೆ ಹೋಗಿ ಕ್ಷಮೆಯನ್ನೂ ಕೇಳಿದ. ‘ಏ, ಹುಚ್ಚಾ, ಆಟದಾಗ ಇದೆಲ್ಲಾ ಇರತದ’ ಎಂದು ಅಂಕಲ್ ಅವನಿಗೆ ಚುರುಮುರಿ ಕೊಟ್ಟು ಕಳಿಸಿದರಂತೆ.

ಮುಂದಿನ ಭಾನುವಾರ ನವೀನ್ ಒಂದು ಸಲಹೆ ಕೊಟ್ಟ. ‘ಇನ್ಮೇಲೆ ಅಂಕಲ್ ಮೊದಲು ಹೇಳ್ಲಿ. ಅವರು ಅಷ್ಟು ವರ್ಷ ಅಂಪೈರಿಂಗ್ ಮಾಡಿದವರು. ಕೊನೆಗೆ ಹೇಳ್ಸೋದು ಚೆನ್ನಾಗಿರಲ್ಲ.’

‘ಹಂಗ್ಯಾಕ?’ ಎಂದರು ಅಂಕಲ್.

‘ಮರ್ಯಾದೆ ಅಂಕಲ್, ಇನ್ನೇನು.’

ಅವರು ಒಪ್ಪಿದರು. ಅಂದಿನಿಂದ ಹಿರಿಯರು ಮೊದಲು, ಇಶಾ ಕೊನೆಗೆ. ಆ ವಾರದಿಂದ ಅಂಕಲ್ ಹೇಳಿದ್ದನ್ನೇ ಎಲ್ಲರೂ ಹೇಳತೊಡಗಿದರು. ಇದನ್ನು ಯಾರೂ ಕೂತು ತೀರ್ಮಾನಿಸಲಿಲ್ಲ. ಮೊದಲ ದಿನ ನವೀನ್ ಹಾಗೆ ಮಾಡಿದ, ಮೇಧಾ ಅವನತ್ತ ಒಮ್ಮೆ ನೋಡಿ ತಾನೂ ಹಾಗೇ ಹೇಳಿದಳು. ಇಶಾ ಮಾತ್ರ ‘ಬಟ್ ದಟ್ ವಾಸ್ ಎ ಬಾಲ್’ ಎಂದಳು. ಮೇಧಾ ಅವಳ ಮಂಡಿ ಒತ್ತಿದಳು. ಒಂದೆರಡು ವಾರದಲ್ಲಿ ಇಶಾ ಕೂಡ ಕಲಿತಳು. ಆಗಸ್ಟ್‌ನಲ್ಲಿ ಬಂದ ಸದಾನಂದರಿಗೆ ನವೀನ್ ಬಾಗಿಲಲ್ಲೇ ವಿಷಯ ಹೇಳಿದ್ದ. ನನಗೆ ತೀರ್ಪು ಹೇಳುವ ಹಕ್ಕಿರಲಿಲ್ಲ. ಹೇಳದಿರಲು ಅದೊಂದು ಅನುಕೂಲವೂ ಆಗಿತ್ತು.

ತೊಂದರೆ ಬರುತ್ತಿದ್ದದ್ದು ಚೌಕದಿಂದ. ಅಲ್ಲಿ ಚೆಂಡು ಹೊರಗೆ ಕಂಡಾಗ ನವೀನ್, ಇಡೀ ಜೂನ್ ಆ ಚೌಕವನ್ನು ಹಿಡಿದು ಅಂಪೈರ್‌ಗಳನ್ನು ಬೈದವನು, ‘ಕ್ಯಾಮೆರಾ ಓರೆ ಇದೆ ಅಂಕಲ್, ಚೌಕ ನಂಬೋ ಹಾಗಿಲ್ಲ’ ಎನ್ನುತ್ತಿದ್ದ. ಹೀಗಾಗಿ ಅಂಪೈರನೇ ತಪ್ಪು ಎಂದಾಯಿತು. ವರ್ಷಗಟ್ಟಲೆ ಅಂಪೈರ್‌ಗಳ ಪರ ಮಾತಾಡಿದ್ದ ಅಂಕಲ್ ಬಾಯಿಂದಲೇ ಒಂದು ದಿನ ಆ ಮಾತು ಬಂತು: ‘ಈ ವರ್ಷ ಅಂಪೈರ್‌ಗಳು ಭಾಳ ತಪ್ಪು ಮಾಡ್ಲಿಕ್ಕೆ ಹತ್ತ್ಯಾರ ನೋಡ್ರಿ.’ ಯಾರೂ ನಗಲಿಲ್ಲ.

ಆಗಸ್ಟ್ ಕೊನೆಯಲ್ಲಿ ಅವರ ಕಾರಿನ ಎಡಗಡೆಯ ಕನ್ನಡಿ ಗರಾಜಿನ ಬಾಗಿಲ ಚೌಕಟ್ಟಿಗೆ ಬಡಿದು ಮುರಿಯಿತು. ಗರಾಜು ಇಕ್ಕಟ್ಟು ಎಂದು ಮೇಧಾ ಹೇಳಿದಳು.

ಸೆಪ್ಟೆಂಬರಿನಲ್ಲಿ ಎರಡೂ ಊರಿನ ತಂಡಗಳು ಎದುರಾದ ಭಾನುವಾರ, ಈ ಸಲ ನಮ್ಮಲ್ಲಿಗೆ ಬರಬೇಕು ಎಂದು ಸದಾನಂದ ಹಟ ಹಿಡಿದರು. ನಾವು ಎರಡು ಕಾರಿನಲ್ಲಿ ಹೊರಟೆವು. ನವೀನನ ಕಾರಿನಲ್ಲಿ ನಾನು, ಮುಂದಿನ ಕಾರಿನಲ್ಲಿ ಅಂಕಲ್, ಮೇಧಾ, ಇಶಾ. ಅಂಕಲ್ ಡ್ರೈವ್ ಮಾಡುತ್ತಿದ್ದರು. ಕಡಲ ಬದಿಯ ತಂಪು ಬಿಟ್ಟು ಒಳನಾಡಿಗೆ ತಿರುಗಿದಂತೆ ಸೆಕೆ ಏರಿತು. ಚಾಟ್ಸ್‌ವರ್ತ್ ಮುಟ್ಟುವಾಗ ಬಂಡೆಗಳ ಗುಡ್ಡ ಬಿಸಿಲಿಗೆ ಬೆಳ್ಳಗೆ ಉರಿಯುತ್ತಿತ್ತು. ದಾರಿಯಲ್ಲಿ ಒಮ್ಮೆ ಅಂಕಲ್ ಎಡಗಡೆಯ ಲೇನಿಗೆ ಸರಿಯಲು ಹೋಗಿ, ಪಕ್ಕದ ಟ್ರಕ್ಕಿನ ಹಾರ್ನಿಗೆ ಬೆಚ್ಚಿ ವಾಪಸ್ ಬಂದರು. ‘ಈ ಊರಿನವರ ಡ್ರೈವಿಂಗೇ ಹೀಗೆ’ ಎಂದ ನವೀನ್.

ರಜೆಯ ದಿನವಾದ್ದರಿಂದ ಯಂತ್ರಗಳು ನಿಂತಿದ್ದವು. ಸದಾನಂದರ ಮನೆಯಿಂದ ಪುಳಿಯೋಗರೆ, ಗೋಳಿಬಜೆ ಬಂದಿತ್ತು. ಆಫೀಸ್ ಕೋಣೆಯಲ್ಲಿ ಮಡಚುವ ಕುರ್ಚಿ ಹಾಕಿ ಕೂತೆವು. ಅಂಕಲ್ ಸಂಶಯದ ಎಸೆತಗಳಿಗೆ ಮೊದಲಿನ ಹಾಗೆ ಒಂದೊಂದೇ ಶಬ್ದ ಹೇಳಿದರು. ಎಲ್ಲರೂ ಅದನ್ನೇ ಹೇಳಿದರು. ಪ್ರತಿ ಸಲವೂ ಅವರು ಪರದೆ ಬಿಟ್ಟು ನಮ್ಮ ಮುಖ ನೋಡುತ್ತಿದ್ದರು ಎಂಬುದನ್ನು ನಾನು ಗಮನಿಸಿದೆ.

ಆಟ ಅರ್ಧ ದಾಟಿದಾಗ ಮರಿ ಬ್ಯಾಟಿಗೆ ಬಂದ. ಎರಡನೆಯ ಎಸೆತ ಎಸೆದವನ ಕೈ ಜಾರಿತು. ಚೆಂಡು ಹಲಗೆಗೆ ಬಹಳ ಮುಂಚೆಯೇ ನೆಲಕ್ಕೆ ಬಿದ್ದು, ಮಣ್ಣು ಹಾರಿಸಿ, ಮರಿಯ ಪಾದಕ್ಕೆ ನುಗ್ಗಿತು. ಅವನು ಎರಡೂ ಕಾಲೆತ್ತಿ ಕುಣಿದು ತಪ್ಪಿಸಿಕೊಂಡ. ಅದರಲ್ಲಿ ಸಂಶಯಕ್ಕೆ ಏನೂ ಇರಲಿಲ್ಲ. ನಾನು ರಿಮೋಟ್ ಮುಟ್ಟಲಿಲ್ಲ.

‘ನಿಲ್ಲಸ್ರಿ’ ಎಂದರು ಅಂಕಲ್.

ನಿಲ್ಲಿಸಿದೆ. ಮರಿ ಗಾಳಿಯಲ್ಲಿ ಕಾಲು ಮಡಚಿ ನಿಂತುಬಿಟ್ಟ.

‘ಸ್ಟ್ರೈಕ್’ ಎಂದರು.

ಎ.ಸಿ. ಸದ್ದು ಮಾಡುತ್ತಿತ್ತು. ಮುಂದಿನ ಸರದಿ ಸದಾನಂದರದು. ಅವರು ಬಜೆಯ ತಟ್ಟೆ ಕೆಳಗಿಟ್ಟು, ‘ಹೌದು, ಸ್ಟ್ರೈಕ್ ಅಂತ ಹೇಳಿ ಆಗ್ತದೆ’ ಎಂದರು. ನವೀನ್ ಪರದೆ ನೋಡದೆ ‘ಸ್ಟ್ರೈಕ್’ ಎಂದ. ಮೇಧಾ ‘ಸ್ಟ್ರೈಕ್ ಅಪ್ಪಾ’ ಎಂದಳು. ಉಳಿದವಳು ಇಶಾ. ಅವಳು ಅಮ್ಮನ ಕಡೆ ನೋಡಿದಳು, ಟಿ.ವಿ. ನೋಡಿದಳು, ಕೊನೆಗೆ ತನ್ನ ಶೂ ನೋಡಿಕೊಂಡು ಸಣ್ಣ ದನಿಯಲ್ಲಿ ಹೇಳಿದಳು: ‘ಸ್ಟ್ರೈಕ್.’

‘ಅದು ನೆಲಕ್ಕ ಬಿತ್ತು’ ಎಂದರು ಅಂಕಲ್. ‘ಅಷ್ಟು ನನಗೂ ಕಾಣಸ್ತದ.’

ಅವರು ನಮ್ಮೊಬ್ಬೊಬ್ಬರ ಮುಖವನ್ನೂ ನೋಡಿದರು.

‘ಎಷ್ಟು ದಿನಾ ಆತು ಹಿಂಗ?’

‘ಅಂಕಲ್, ನಿಮಗೆ ಬೇಜಾರಾಗಬಾರದು ಅಂತ...’ ನವೀನ್ ಶುರು ಮಾಡಿದ.

‘ನೀನs ಅಲ್ಲೇನಪಾ, ಅಂಪೈರ್ ಸೀನಿಯಾರಿಟಿ ನೋಡಿ ಕೊಡತಾನ ಅಂದಾಂವ? ನೀವೆಲ್ಲಾ ಮಾಡಿದ್ದೇನು? ಅಷ್ಟು ದೊಡ್ಡ ಮೈದಾನದಾಗ ನಿಂತ ಅಂಪೈರ್‌ಗಳು ತಪ್ಪು, ಈ ಕೋಣ್ಯಾಗ ಕೂತಾಂವ ಒಬ್ಬನs ಸರಿ? ನಾನೂ ನಂಬಿದ್ದೆ, ಈ ವರ್ಷ ಅವರದs ಏನೋ ಕೆಟ್ಟದ ಅಂತ. ಆಮ್ಯಾಲೆ ಕೂತು ವಿಚಾರ ಮಾಡಿದೆ. ತಪ್ಪಾದ್ರ ಎರಡೂ ಬದಿಗೆ ಆಗಬೇಕು. ಎಲ್ಲಾ ತಪ್ಪೂ ಎಡಗಡೀಗೇ ಹೆಂಗ ಆಗತಾವ? ಅದು ಅಂಪೈರನ ತಪ್ಪಲ್ಲ. ನೋಡಾಂವಂದು.’

ಅವರ ದನಿ ಏರಿರಲಿಲ್ಲ. ಇಶಾಳ ಕಡೆ ತಿರುಗಿದರು.

‘ಇಕೀಗೂ ಕಲಿಸಿದ್ರಿ. ಇಶಾ, ಮೊನ್ನೆ ಸಾಲಿ ಮುಂದ ಏನಾತು, ಅಮ್ಮಗ ಹೇಳೀಯೇನು?’

ಇಶಾ ಅಳತೊಡಗಿದಳು. ‘ಇಟ್ಸ್ ಓಕೆ, ಅಜ್ಜ. ನಥಿಂಗ್ ಹ್ಯಾಪನ್ಡ್.’

‘ಇದನ್ನs ಅವತ್ತೂ ಹೇಳಿದ್ಲು’ ಎಂದು ಅವರು ನಮಗೆ ಹೇಳಿದರು. ನಡೆದದ್ದು ಇಷ್ಟು. ಶಾಲೆಯ ಮುಂದೆ, ನಡೆದು ದಾಟುವವರಿಗೆಂದು ಬಿಳಿ ಪಟ್ಟೆ ಬಳಿದ ಕಡೆ, ಒಬ್ಬ ತಾಯಿ ಸಣ್ಣ ಮಗುವಿನ ಗಾಡಿ ತಳ್ಳಿಕೊಂಡು ಎಡಗಡೆಯಿಂದ ರಸ್ತೆಗೆ ಇಳಿದಿದ್ದಳು. ಅಂಕಲ್‌ಗೆ ರಸ್ತೆ ಖಾಲಿ ಕಂಡಿತ್ತು. ಇಶಾ ಹಿಂದಿನಿಂದ ಅಜ್ಜಾ ಎಂದು ಕಿರುಚಿದಳು. ಬ್ರೇಕ್ ಹಾಕಿದರು. ಕಾರು ನಿಂತಾಗ ಆ ತಾಯಿ ಬಾನೆಟ್ಟಿನ ಮೇಲೆ ಅಂಗೈ ಊರಿಕೊಂಡು ನಿಂತಿದ್ದಳು. ಯಾರಿಗೂ ಏಟಾಗಿರಲಿಲ್ಲ. ನಿನಗೆ ಆಕೆ ಮೊದಲೇ ಕಂಡಿದ್ದಳೇ ಎಂದು ಅಂಕಲ್ ಕೇಳಿದ್ದಕ್ಕೆ ಇಶಾ ಇಟ್ಸ್ ಓಕೆ ಅಜ್ಜ ಎಂದಿದ್ದಳು.

‘ನಾ ಕೇಳಿದ್ದು ಕಂಡ್ಲೋ ಇಲ್ಲೋ ಅಂತ. ಹತ್ತು ವರ್ಷದ ಕೂಸು ನನಗ ಸಮಾಧಾನ ಹೇಳ್ತು. ಅವತ್ತs ನನಗ ಅನಸ್ತು, ಇದನ್ನ ಇದು ಎಲ್ಲೋ ಕಲತದ ಅಂತ.’

ಮೇಧಾ ಎದ್ದು ತಂದೆಯ ಕುರ್ಚಿಯ ಪಕ್ಕ ನಿಂತಳು. ‘ಅಪ್ಪಾ, ನೀವು ಒಂದು ಮಾತು ಹೇಳಬಾರದಿತ್ತೇನು?’

‘ಏನಂತ ಹೇಳಲಿ? ಕಾಣಸ್ಲಿಲ್ಲ ಅಂತ ಯಾವಾಗ ಹೇಳಬೇಕು, ಕಾಣಸ್ಲಿಲ್ಲ ಅನ್ನೂದು ನನಗ ಗೊತ್ತಿದ್ರಲ್ಲ? ನನಗ ಎಲ್ಲಾ ಕಾಣಸ್ತದ ಅಂತನs ಅನಸ್ತದ. ಅದಕ್ಕs ನಿಮ್ಮನ್ನ ಕೇಳಿದ್ದು. ಸುತ್ತ ಕೂತವರು ಹೇಳಿದ್ರ ತಿಳಿತದ. ನಾಳಿಂದ ನಾ ಗಾಡಿ ನಡಸೂದಿಲ್ಲ.’

‘ನಾಳೆ ನನಗ ಏಳಕ್ಕ ಮೀಟಿಂಗ್ ಅದ’ ಎಂಬ ಮಾತು ಮೇಧಾಳ ಬಾಯಿಂದ ತಾನಾಗಿ ಬಂತು. ಬಂದ ಮೇಲೆ ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಂಕಲ್ ಅವಳ ಮೊಣಕೈ ಹಿಡಿದು, ‘ಹೌದವಾ, ಅದೂ ನೋಡಬೇಕಲ್ಲ’ ಎಂದರು. ಆ ಮನೆಯಲ್ಲಿ ಅವರಿಗಿದ್ದ ಕೆಲಸ ಅದೊಂದೇ. ಅದನ್ನು ಬಿಟ್ಟರೆ ಮುಂದೆ ದಿನವಿಡೀ ಏನು ಮಾಡಬೇಕೆಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಕೆಲಸ ಹೋದರೆ ಬೇರೇನೂ ಇಲ್ಲ ಎಂಬುದು ಎಲ್ಲರಿಗಿಂತ ಚೆನ್ನಾಗಿ ಅವರಿಗೇ ತಿಳಿದಿತ್ತು.

ನನಗೆ ಬೆಳಿಗ್ಗೆ ಕೆಲಸವಿಲ್ಲ, ಹೆಂಡತಿಯನ್ನು ಸ್ವಲ್ಪ ಮುಂಚೆ ಬಿಟ್ಟುಬಂದರೆ ಇಶಾಳನ್ನು ಕರೆದೊಯ್ಯಬಹುದು ಎಂದೆ. ಅಂಕಲ್ ‘ನಿಮಗ ತ್ರಾಸು’ ಎಂದರು. ಇಲ್ಲ ಎಂದೆ. ಉಳಿದ ಆಟವನ್ನು ಯಾರೂ ನೋಡಲಿಲ್ಲ. ಮರಿ ಅಂದು ಏನು ಮಾಡಿದ, ಯಾರು ಗೆದ್ದರು ಎಂಬುದು ನನಗೆ ಇವತ್ತಿಗೂ ನೆನಪಿಲ್ಲ. ಹುಡುಕಿ ನೋಡುವ ಮನಸ್ಸೂ ಆಗಿಲ್ಲ. ವಾಪಸ್ ಬರುವಾಗ ಮೇಧಾ ಡ್ರೈವ್ ಮಾಡಿದಳು.

ಆ ವಾರವೇ ಡಾಕ್ಟರ್ ಪರೀಕ್ಷೆ ಮಾಡಿದರು. ಕಣ್ಣಿನ ನರ ನಿಧಾನವಾಗಿ ಸಾಯುವ ಕಾಯಿಲೆ. ನೋಟದ ಎಡಗಡೆ ಕೆಳಭಾಗ ಅಳಿಸಿಹೋಗಿತ್ತು. ಹೋದ ಕಡೆ ಕಪ್ಪು ಕಾಣುವುದಿಲ್ಲವಂತೆ. ಸುತ್ತಮುತ್ತ ಇದ್ದದ್ದನ್ನೇ ಹಿಗ್ಗಿಸಿ ಮಿದುಳು ಆ ಜಾಗ ತುಂಬಿಕೊಳ್ಳುತ್ತದೆ, ಖಾಲಿ ರಸ್ತೆ ಇದ್ದರೆ ಖಾಲಿ ರಸ್ತೆಯಿಂದ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಕಾಪಾಡಿಕೊಳ್ಳಬೇಕು ಎಂದರು. ಒಂದೆರಡು ತಿಂಗಳು ಮೊದಲು ಬಂದಿದ್ದರೆ ಇನ್ನಷ್ಟು ಉಳಿಯುತ್ತಿತ್ತೇ ಎಂದು ಮೇಧಾ ಕೇಳಿದಳಂತೆ. ಹೇಳುವುದು ಕಷ್ಟ ಎಂದು ಡಾಕ್ಟರ್ ಹೇಳಿದರಂತೆ. ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಭಾನುವಾರಗಳು ಅವರನ್ನು ಏನಾದರೂ ನಷ್ಟಪಡಿಸಿದವೇ ಎಂಬುದಕ್ಕೆ ನನ್ನ ಬಳಿ ಅದಕ್ಕಿಂತ ಹೆಚ್ಚಿನ ಉತ್ತರ ಇಲ್ಲ.

ಆದರೆ ಅದಕ್ಕೂ ಮುಂಚೆ, ಚಾಟ್ಸ್‌ವರ್ತ್‌ನಿಂದ ಬಂದ ಮರುದಿನ ಸೋಮವಾರ ಬೆಳಿಗ್ಗೆ ನಾನು ಅವರ ಮನೆಗೆ ಹೋದೆ. ಅಂಕಲ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಇಶಾಳ ಜತೆ ಹೊರಗೆ ನಿಂತಿದ್ದರು. ತಾವೂ ಬರುವುದಾಗಿ ಹೇಳಿರಲಿಲ್ಲ. ರೂಢಿಯಂತೆ ಎಡಗಡೆಯ ಡ್ರೈವರ್ ಬಾಗಿಲ ತನಕ ನಡೆದರು. ಅಲ್ಲಿ ನಿಂತು, ಕಾರಿನ ಮುಂದಿನಿಂದ ಸುತ್ತುಹಾಕಿ ಬಲಗಡೆಗೆ ಬಂದರು. ‘ಧಾರವಾಡದಾಗಾದ್ರ ಇದs ಡ್ರೈವರ್ ಸೀಟು’ ಎಂದು ಕೂತು ಬೆಲ್ಟ್ ಹಾಕಿಕೊಂಡರು. ಇಶಾ ಹಿಂದೆ ಕೂತು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು.

ಶಾಲೆಯ ಮುಂದೆ ಕಾರುಗಳ ಸಾಲು. ಒಂದೊಂದೇ ಕಾರು ಮುಂದೆ ಸರಿದು, ಮಗುವನ್ನು ಬಲಗಡೆ ಫುಟ್‌ಪಾತಿಗೆ ಇಳಿಸಿ, ತಕ್ಷಣ ಹೊರಡಬೇಕು. ಅಲ್ಲಿ ಯಾರೂ ನಿಲ್ಲುವುದಿಲ್ಲ. ಇಶಾ ಇಳಿದಳು. ಬ್ಯಾಗ್ ಹೆಗಲಿಗೇರಿಸಿ ಹೊರಟವಳು, ಅಜ್ಜ ಈ ಬದಿಗೇ ಕೂತಿರುವುದು ನೋಡಿ ಅವರ ಕಿಟಕಿಯ ಬಳಿ ನಿಂತಳು. ಅಂಕಲ್ ಗಾಜು ಇಳಿಸಿದರು.

‘ಬಾಯ್, ಅಜ್ಜ.’

‘ಹೋಗಿ ಬಾ.’

ಅವಳು ನಡೆದಳು. ಗೇಟಿನ ತನಕ ಉದ್ದನೆಯ ದಾರಿ, ಮಕ್ಕಳ ಗುಂಪು. ಇಷ್ಟು ವರ್ಷ ಸ್ಟೇರಿಂಗ್ ಹಿಡಿದು ಮುಂದಿನ ಕಾರನ್ನೇ ನೋಡುತ್ತ ಹೊರಟುಬಿಡುತ್ತಿದ್ದವರು ಈಗ ಕಿಟಕಿಗೆ ಮುಖ ಮಾಡಿ ಅವಳು ಹೋಗುವುದನ್ನು ನೋಡುತ್ತಿದ್ದರು. ನಾನು ಬ್ರೇಕಿನಿಂದ ಕಾಲು ತೆಗೆಯಲಿಲ್ಲ. ಹಿಂದಿನ ಕಾರಿನವರು ಹಾರ್ನ್ ಮಾಡಿದರು. ಇನ್ನೊಮ್ಮೆ ಮಾಡಿದರು.

‘ಸ್ವಲ್ಪ ತಡೀರಿ’ ಎಂದರು ಅಂಕಲ್. ‘ಇನ್ನೂ ಕಾಣಸ್ತಾಳ.’